ಕಾರಿನ ಕಿಟಕಿಗೆ ಸೆರಗು

ವೈ ಟೂ ಕೆ ಕಂಪ್ಯೂಟರ್ ಕೆಲಸಕ್ಕೆಂದು ಅಮೆರಿಕದ ಪಾರ್ಸಿಪನಿಗೆ ಬಂದಿದ್ದ ಅಲಮೇಲು, ಸುಡುವ ಜುಲೈ ಮಧ್ಯಾಹ್ನ ಇಂಡಿಯನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಅತ್ತೆ ಸೊಸೆಯರ ಧಾರವಾಡದ ಮಾತು ಕಿವಿಗೆ ಬಿತ್ತು.

“ಯಾರೋ ಗ್ಲಾಸೆಲ್ಲಾ ಏರಿಸಿ ನಾಯಿನ್ನ ಕಾರಿನ್ಯಾಗ ಬಿಟ್ಟು ಹೋಗಿದ್ರವಾ. ಬಾಯಿ ತಗದು ತೇಕಾಕತ್ತಿತ್ತು,” ಎಂದರು ಅತ್ತೆ.

“ಅದಕ್ಕ ಕಿಟಕಿಗೆ ಸೆರಗು ಹಿಡದು ನಿಂತ್ರಿ?”

“ಮತ್ತೇನ್ ಮಾಡ್ಲಿ, ನನಗ ಇಂಗ್ಲಿಷ್ ಬರೂದಿಲ್ಲ.”

“ಇಲ್ಲಿ ಹಂಗ ಬಿಟ್ಟು ಹೋದ್ರ ಕೇಸ್ ಹಾಕತಾರ್ರಿ ಅತ್ತಿ. ಯಾರೋ ಫೋನ್ ಮಾಡಿದ್ದಕ್ಕ ಪೊಲೀಸ್ರು ಬಂದು ನಾಯಿನ್ನ ಹೊರಗ ತಗದ್ರು.”

“ನಾ ನನ್ನನ್ನ ಹಿಡಿಯಾಕ ಬಂದಾರ ಅನ್ಕೊಂಡಿದ್ನಿ.”

“ಹಂಗಿದ್ರ ಸರದು ಬರೂದಲ್ಲೇನ್ರಿ?”

“ನಾ ಸರದ್ರ ಅದರ ಮ್ಯಾಲೆ ಬಿಸಲು ಬೀಳತಿತ್ತಲ್ಲ.”

ಹಣ ಕೊಟ್ಟಾದ ಮೇಲೆ ಸೊಸೆ ಅತ್ತೆಯ ಕೈಯಲ್ಲಿದ್ದ ಚೀಲವನ್ನು ತಾನೇ ತೆಗೆದುಕೊಂಡು, ಮುಂದೆ ಹೋಗಿ ಅವರಿಗಾಗಿ ಅಂಗಡಿಯ ಬಾಗಿಲು ಹಿಡಿದು ನಿಂತಳು.