ಬೈಯುವವನ ಕೈ

ಶನಿವಾರ ಬಂತೆಂದರೆ ಅಮೆರಿಕದ ವರ್ಮಾಂಟಿನ ಆ ಪುಟ್ಟ ಊರಿನವರೆಲ್ಲ ಕಸ ಸುರಿಯಲು ಸಾಲು ನಿಲ್ಲುತ್ತಾರೆ. ಇಂದು ಮೇವಿಸಳ ಮುಂದಿದ್ದವನು ಅವಳ ಗಂಡ ಹೋಮರನ ಹಳೇ ವೈರಿ ಆರಿನ್. ಜೊತೆಗೆ ಅವನ ನಾದಿನಿ ಹ್ಯಾಟಿ. ಮೇವಿಸ್ ಮುಖ ಮರೆಸಿಕೊಂಡು ನಿಂತಳು.

"ಭಾವ, ನಿಮ್ಮ ಜೇನು ಸಾಕೋರ ವೆಬ್‌ಸೈಟಿಗೆ ಇಂಗ್ಲೆಂಡಿನವರು ದಂಡ ಹಾಕ್ತಾರಂತೆ?"

"ಹೂಂ. ಅಲ್ಲಿನವರೂ ಅದನ್ನ ನೋಡ್ತಾರಲ್ಲ, ಅದಕ್ಕೇ ಒಳಗೆ ಬರೋರ ವಯಸ್ಸು ಪರೀಕ್ಷೆ ಮಾಡ್ಬೇಕಂತೆ, ಜನ ಅಲ್ಲಿ ಬರೆದಿದ್ದನ್ನ ಸೋಸ್ಬೇಕಂತೆ. ಊರ ಸಭೆ ಮುಂದಿಟ್ಟೆ."

"ಸಭೆ ಏನಂತು?"

"ಅವರ ಕಾನೂನು ಅವರ ದೇಶದಲ್ಲೇ ಇಟ್ಕೊಳ್ಳಲಿ ಅಂತ ಎಲ್ರೂ ಕೈ ಎತ್ತಿದ್ರು. ಮೊದಲ ಕೈ ಹೋಮರಂದು."

"ಅಯ್ಯೋ, ಅದ್ರಲ್ಲಿ ದಿನಾ ನಿಮ್ಮನ್ನ ಬೈಯೋನು ಅವನೇ ಅಲ್ವಾ?"

"ಅದಕ್ಕೇ ಎತ್ತಿದ! 'ಆರಿನ್ ದಡ್ಡ ಅನ್ನೋಕೆ ನಾನು ಲಂಡನ್ನಿನ ಅಪ್ಪಣೆ ಕೇಳ್ಬೇಕಾ?' ಅಂದ. ಮೊದಲು ಚಪ್ಪಾಳೆ ತಟ್ಟಿದ್ದು ನಾನೇ."

ಚೀಲ ಎಸೆದು ಅವರಿಬ್ಬರೂ ಹೊರಟರು. ಮನೆಯಲ್ಲಿ ಹೋಮರ್ ಈ ಮಾತೇ ಎತ್ತಿರಲಿಲ್ಲ. ಮೇವಿಸ್ ತಲೆ ಎತ್ತಿಕೊಂಡು ಮುಂದೆ ನಡೆದಳು.