ಬೋಳು ಟೈರು ಯಾರ ಪಾಲಿಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೆತ್ತನೆಯ ಕುರ್ಚಿಗಳಲ್ಲಿ ಆಸೀನರಾಗಿರುವ ಅತಿಥಿಗಳೇ, ಕೈಗೆ ಬಂದ ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ಎಳೆಗೂಸಿನಂತೆ ಎತ್ತಿಕೊಂಡು ಕೂತಿರುವ ನಮ್ಮ ಕಾರ್ಯದರ್ಶಿಗಳೇ, ಈ ಭಾಷಣ ಬೇಗ ಮುಗಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುವ ನನ್ನ ಪ್ರೀತಿಯ ಸಭಿಕರೇ,

ನಾನು ವೃತ್ತಿಯಿಂದ ಕನ್ನಡಕದ ಅಂಗಡಿಯವಳು. ಅಕ್ಷರದ ಹಲಗೆ ತೋರಿಸಿ "ಇದು ಕಾಣುತ್ತಾ, ಅದು ಕಾಣುತ್ತಾ" ಎಂದು ಕೇಳುತ್ತಲೇ ಆಯುಷ್ಯ ಕಳೆದವಳು. ನಾಲ್ಕು ಜನರ ಮುಂದೆ ನಿಂತು ಮಾತಾಡಿ ಅಭ್ಯಾಸವಿಲ್ಲ. ಆದರೂ ಸಂಘದವರು ನನಗೆ ಎರಡು ಕೆಲಸ ಒಪ್ಪಿಸಿದ್ದಾರೆ. ಒಂದು, ಇಂದು ಕಾರ್ಯದರ್ಶಿ ಸ್ಥಾನದಿಂದ ಬಿಡುಗಡೆ ಪಡೆಯುತ್ತಿರುವ ನಮ್ಮ ಬೇಕರಿಯವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುವುದು. ಇನ್ನೊಂದು, ಗುಡ್ಡದ ಸೈಕಲ್ ಸ್ಪರ್ಧೆಗೆ ಟೈರು ಆರಿಸುವುದು ಹೇಗೆಂದು ಹೊಸಬರಿಗೆ ತಿಳಿಸಿಕೊಡುವುದು. ಇವೆರಡೂ ಒಂದೇ ವಿಷಯ ಎನ್ನುವುದು ಅವರಿಗೆ ಗೊತ್ತಿಲ್ಲ. ಬಹಳ ಕಾಲ ನನಗೂ ಗೊತ್ತಿರಲಿಲ್ಲ.

ನನ್ನ ಮಾತು ಮುಗಿದ ಕೂಡಲೇ, ನಾಳೆ ಬೆಳಗಿನ ಹಳಬರ ಓಟಕ್ಕಾಗಿ, ಇದೇ ಸಭಾಂಗಣದ ಆ ಗೋಡೆಯ ಮುಂದೆ ಟೈರು ಆರಿಸುವ ಶಾಸ್ತ್ರ ನಡೆಯುತ್ತದೆ. ಬೇಕರಿಯವರ ಮಂಡಿ ನೋಡಿದ ವೈದ್ಯರು, ನಾಳೆಯದೇ ಕೊನೆ, ಆಮೇಲೆ ಗುಡ್ಡದ ಕಡೆ ತಲೆ ಹಾಕಕೂಡದು ಎಂದಿದ್ದಾರಂತೆ. ಇಷ್ಟು ವರ್ಷ ಈ ಸಂಘಕ್ಕೆ ಬೆವರು ಸುರಿಸಿದ ಮನುಷ್ಯ ಒಂದೇ ಒಂದು ಸಲವೂ ಒಳ್ಳೆಯ ಟೈರಿನ ಮೇಲೆ ಓಡಿಲ್ಲ. ನಾಳೆಯಾದರೂ ಓಡಲಿ ಎನ್ನುವುದು ನನ್ನ ಆಸೆ. ಅದಕ್ಕೇ ಈ ಮೈಕಿನ ಮುಂದೆ ಬಂದಿದ್ದೇನೆ.

ಮೊದಲು ಹೊಸಬರ ಪಾಠ ಮುಗಿಸುತ್ತೇನೆ. ಟೈರು ಆರಿಸುವಾಗ ಅಂಗಡಿಯವನ ಬಾಯಿ ನೋಡಬೇಡಿ, ನೆಲ ನೋಡಿ. ಒಣಗಿ ಗಟ್ಟಿಯಾದ ದಾರಿಗೆ ಚಿಕ್ಕ ಹಲ್ಲಿನ, ಒತ್ತೊತ್ತಾದ ಟೈರು ಸಾಕು, ಹಗುರವಾಗಿ ಉರುಳುತ್ತದೆ. ಕೆಸರಿಗೆ ದೊಡ್ಡ ಹಲ್ಲು ಬೇಕು, ಹಲ್ಲುಗಳ ನಡುವೆ ಜಾಗವೂ ಬೇಕು. ಇಲ್ಲದಿದ್ದರೆ ಕೆಸರು ಮೆತ್ತಿಕೊಂಡು ಟೈರು ರೊಟ್ಟಿ ಹಿಟ್ಟಿನ ಉಂಡೆಯಾಗುತ್ತದೆ. ಹಿಂದಿನ ಟೈರು ಕೈಕೊಟ್ಟರೆ ಸೈಕಲ್ ಬಾಲ ಅಲ್ಲಾಡಿಸುತ್ತದೆ, ಹೇಗೋ ಸಾವರಿಸಿಕೊಳ್ಳಬಹುದು. ಮುಂದಿನದು ಕೈಕೊಟ್ಟರೆ ನೇರವಾಗಿ ನೆಲವೇ ಗತಿ. ಆದ್ದರಿಂದ ಹಿಂದೆ ವೇಗದ ಟೈರು ಹಾಕಿ, ಮುಂದೆ ಹಿಡಿತದ ಟೈರು ಹಾಕಿ. ಗಾಳಿಯನ್ನು ಕಲ್ಲಿನಂತೆ ತುಂಬಬೇಡಿ. ಬೇಕರಿಯವರು ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ನೀವೆಲ್ಲ ಕಂಡಿದ್ದೀರಿ. ಹಿಟ್ಟು ನಾದುವ ಬೆರಳದು, ಅದರ ಮಾತು ಕೇಳಿ.

ಇನ್ನು ಆ ಗೋಡೆ. ನಮ್ಮ ಕಾಲದಲ್ಲಿ ಒಳ್ಳೆಯ ಹಲ್ಲಿನ ಟೈರು ಸಿಗುವುದೇ ಅಪರೂಪವಾಗಿತ್ತು. ಹಿಂದಿನ ಟೈರು ಅವರವರದು, ಮುಂದಿನದು ಸಂಘದ್ದು. ಎಂಟು ಗೂಟ, ಎಂಟು ಟೈರು, ಓಡುವವರೂ ಎಂಟು ಮಂದಿ. ಪ್ರತಿಯೊಂದಕ್ಕೂ ಹೆಸರಿತ್ತು. ದೊಡ್ಡ ಹಲ್ಲಿನದು ಮೊಸಳೆ. ಅದನ್ನು ಹಾಕಿಕೊಂಡರೆ ಯಾವ ತಿರುವಿನಲ್ಲೂ ನಿಶ್ಚಿಂತೆ. ಸಾಲಿನ ಕೊನೆಗಿಂತ ಒಂದು ಗೂಟ ಮೊದಲು ಹಲ್ಲಿ, ಚಿಕ್ಕ ಹಲ್ಲಿನದು, ಹೇಗೋ ಕೆಲಸ ನಡೆಸುತ್ತಿತ್ತು. ಎಲ್ಲಕ್ಕಿಂತ ಕೊನೆಗೆ ಬೋಳ. ಹಲ್ಲೆಲ್ಲ ಸವೆದು ನುಣ್ಣಗಾದ ಟೈರು. ಟೈರುಗಳು ಎಷ್ಟೋ ಸಲ ಬದಲಾದವು, ಹೆಸರುಗಳು ಮಾತ್ರ ಗೂಟಕ್ಕೆ ಅಂಟಿಕೊಂಡವು. ಎಲ್ಲಕ್ಕಿಂತ ಸವೆದದ್ದು ಯಾವುದೋ ಅದು ಬೋಳನ ಗೂಟಕ್ಕೆ ಹೋಗುತ್ತಿತ್ತು.

ನಿಯಮ ಮಾಡಿದವರು ಇಂದಿನ ನಮ್ಮ ಅಧ್ಯಕ್ಷರು. ಆಗ ಅವರು ಸೀಟಿ ಊದುವ ಮೇಷ್ಟ್ರು. ಹಿಂದಿನ ಓಟದಲ್ಲಿ ಕೊನೆಗೆ ಬಂದವರು ಮೊದಲು ಟೈರು ಆರಿಸಬೇಕು, ಗೆದ್ದವರು ಕೊನೆಗೆ. ಎಷ್ಟು ನ್ಯಾಯವಾದ ನಿಯಮ, ಅಲ್ಲವೇ? ಸೋತವರಿಗೆ ಮೊಸಳೆ, ಗೆದ್ದವರಿಗೆ ಬೋಳ. ಹಾಗೇ ನಡೆಯಬೇಕಿತ್ತು. ನಡೆಯಿತೇ?

ನಡೆಯಲಿಲ್ಲ. ಸದಾ ಕೊನೆಗೆ ಬರುತ್ತಿದ್ದವರು ಬೇಕರಿಯವರು. ನಾವೆಲ್ಲ ಅವರನ್ನು ಕಡೆಯಪ್ಪ ಎಂದೇ ಕರೆಯುತ್ತಿದ್ದೆವು. ಸೀಟಿ ಊದಿದ ಕೂಡಲೇ ಅವರು ಗೋಡೆಯ ಬಳಿ ಹೋಗಿ, ಮೊಸಳೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಗಲ್ಲ ಕೆರೆದುಕೊಂಡು, ಬಹಳ ಯೋಚಿಸಿದವರಂತೆ ಮುಂದೆ ನಡೆದು ಬೋಳನನ್ನು ಇಳಿಸಿಕೊಳ್ಳುತ್ತಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಇವರಿಗೆ ಬ್ರೆಡ್ಡು ಬಿಟ್ಟರೆ ಬೇರೇನೂ ತಿಳಿಯದು ಎನ್ನುತ್ತಿದ್ದೆವು. ಮಾರನೆಯ ದಿನ ಬೋಳನನ್ನು ಹಾಕಿಕೊಂಡು ಪ್ರತಿ ತಿರುವಿನಲ್ಲೂ ಕಾಲೂರಿ ಕಾಲೂರಿ ಮತ್ತೆ ಕೊನೆಗೆ ಬರುತ್ತಿದ್ದರು. ಕೊನೆಗೆ ಬಂದದ್ದರಿಂದ ಮತ್ತೆ ಮೊದಲ ಆಯ್ಕೆ ಅವರದೇ. ಮತ್ತೆ ಬೋಳ.

ಸದಾ ಗೆಲ್ಲುತ್ತಿದ್ದವಳು ಯಾರು? ಇಲ್ಲಿ ನಿಂತಿರುವ ಈ ಹೆಂಗಸು. ಆಗ ನನ್ನ ತೊಡೆಗಳನ್ನು ನೋಡಿ ಗುಡ್ಡವೇ ದಾರಿ ಬಿಡುತ್ತಿತ್ತು, ಈಗ ಮೆಟ್ಟಿಲೂ ಬಿಡುವುದಿಲ್ಲ. ಕೊನೆಯ ಆಯ್ಕೆ ನನ್ನದು. ಪ್ರತಿ ಸಲವೂ ಗೋಡೆಯಲ್ಲಿ ನನಗಾಗಿ ಉಳಿದಿರುತ್ತಿದ್ದದ್ದು ಹಲ್ಲಿ. ನನ್ನ ಅದೃಷ್ಟವೇ ಅದೃಷ್ಟ ಎಂದು ಬೀಗುತ್ತಿದ್ದೆ. ಬಹುಮಾನ ಎತ್ತಿಕೊಂಡು ಗೆಳತಿಯರ ಜೊತೆ ಹೊರಟುಬಿಡುತ್ತಿದ್ದೆ. ಬೇಕರಿಯವರು ಗೆರೆ ದಾಟುವ ಹೊತ್ತಿಗೆ ಅಲ್ಲಿ ಮೇಷ್ಟ್ರು ಮತ್ತು ಅವರ ಸೀಟಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ಒಂದು ವರ್ಷ ಬೇಕರಿಯವರು ಜ್ವರದಿಂದ ಮಲಗಿದರು. ಓಟಕ್ಕೆ ಬರಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬ ಸೀದಾ ಮೊಸಳೆಗೆ ಕೈ ಹಾಕಿದ. ಒಬ್ಬೊಬ್ಬರೇ ತಮ್ಮದನ್ನು ಇಳಿಸಿಕೊಂಡರು, ಹಲ್ಲಿಯೂ ಹೋಯಿತು. ನಾನು ಗೋಡೆಯ ಬಳಿ ಹೋದಾಗ ಬೋಳ ಒಬ್ಬನೇ ನೇತಾಡುತ್ತಿದ್ದ. ಇರಲಿ ಬಿಡು, ನನಗೇನು ಎಂದು ಹಾಕಿಕೊಂಡೆ. ಬೆಳಗಿನ ಜಾವ ಮಳೆ ಬಿದ್ದಿತ್ತು. ಕಲ್ಲುಗಣಿಯ ಪಕ್ಕದ ಜೇಡಿಮಣ್ಣಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ಕಣ್ಣು ಬಿಟ್ಟಾಗ ನಾನು ಆಸ್ಪತ್ರೆಯಲ್ಲಿದ್ದೆ, ಭುಜದ ಮೂಳೆ ಮುರಿದಿತ್ತು.

ಸಂಜೆ ಬೇಕರಿಯವರು ಬಂದರು. ಜ್ವರ ಇಳಿದಿರಲಿಲ್ಲ, ಕಣ್ಣು ಕೆಂಪಾಗಿತ್ತು. ಮಂಚದ ಕಾಲ ಬಳಿ ನಿಂತುಕೊಂಡೇ ಹೇಳಿದರು.

"ಜ್ವರ ಇದ್ರೂ ನಾನು ಬರಬೇಕಿತ್ತು."

"ಬಂದು ಏನು ಮಾಡ್ತಿದ್ರಿ? ಎಂದಿನ ಹಾಗೆ ಕೊನೇಲಿ ಬರ್ತಿದ್ರಿ."

"ಹೌದು. ಅಷ್ಟಾದ್ರೂ ಮಾಡಬಹುದಿತ್ತು."

ತಂದಿದ್ದ ಬನ್ನಿನ ಪೊಟ್ಟಣವನ್ನು ಕಿಟಕಿಯ ಬಳಿ ಇಟ್ಟು ಹೊರಟುಹೋದರು. ಎಂಥ ವಿಚಿತ್ರ ಮನುಷ್ಯ ಎಂದುಕೊಂಡೆ. ನನ್ನ ಮಂಚದ ಎದುರಿಗೆ ಬಟ್ಟೆ ನೇತುಹಾಕುವ ಗೂಟಗಳ ಒಂದು ಸಾಲಿತ್ತು. ಮಲಗಿ ಮಲಗಿ ಬೇಸರವಾಗಿ, ಆ ಗೂಟಗಳಿಗೆ ಮನಸ್ಸಿನಲ್ಲೇ ಟೈರುಗಳನ್ನು ನೇತುಹಾಕಿದೆ. ಕೊನೆಗೆ ಬಂದವರು ಮೊಸಳೆ ತೆಗೆದುಕೊಂಡರೆ ನನಗೆ ಉಳಿಯುವುದು ಬೋಳ. ಕೊನೆಗೆ ಬಂದವರು ಬೋಳನನ್ನೇ ತೆಗೆದುಕೊಂಡರೆ ನನಗೆ ಉಳಿಯುವುದು ಹಲ್ಲಿ. ಬೋಳ ನನ್ನ ಪಾಲಿಗೆ ಬಾರದಿರಬೇಕಾದರೆ ಯಾರಾದರೂ ಒಬ್ಬರು ಪ್ರತಿ ಸಲವೂ ಕೊನೆಗೆ ಬರಬೇಕು, ಪ್ರತಿ ಸಲವೂ ಅದನ್ನೇ ಆರಿಸಬೇಕು, ಪ್ರತಿ ಸಲವೂ ನಗೆಪಾಟಲಾಗಬೇಕು. ಮುಂದೆ ಊರಿನವರ ಕಣ್ಣು ಪರೀಕ್ಷೆ ಮಾಡಲಿದ್ದವಳಿಗೆ ಇದು ಕಾಣಲು ಭುಜ ಮುರಿಯಬೇಕಾಯಿತು ನೋಡಿ.

ಮೊದಲು ಬಂದದ್ದು ಕೋಪ. ನನ್ನ ಗೆಲುವನ್ನು ಇವರು ಯಾರು ನನಗೆ ಕೊಡಲು? ಮನೆಗೆ ಬಂದವಳೇ ಬಹುಮಾನದ ಕಪ್ಪುಗಳನ್ನೆಲ್ಲ ಒಂದೇ ಕೈಯಲ್ಲಿ ಇಳಿಸಿ ಮಂಚದ ಕೆಳಗೆ ತಳ್ಳಿದೆ. ಅಮ್ಮ ಎಲ್ಲ ಕೇಳಿಸಿಕೊಂಡಳು. ಕಪ್ಪುಗಳನ್ನು ಎಳೆದು ಸೆರಗಿನಿಂದ ಒರೆಸಿ ಮತ್ತೆ ಕಪಾಟಿನಲ್ಲಿ ಜೋಡಿಸಿದಳು. "ಟೈರು ಅವನು ಬಿಟ್ಟುಕೊಟ್ಟ, ಸರಿ. ಗುಡ್ಡ ಹತ್ತಿದ್ದು ಯಾರ ಕಾಲು?" ಎಂದಳು. ಆಮೇಲೆ, ನನ್ನ ಮುಖ ನೋಡದೆ, "ಆ ಹುಡುಗ ಊಟ ಮಾಡ್ತಾನೋ ಇಲ್ವೋ, ಒಂದಿನ ಕರಿ" ಎಂದಳು.

ನಾನು ಕರೆಯಲಿಲ್ಲ. ಕರೆದರೆ ಕೇಳಬೇಕಾಗುತ್ತಿತ್ತು. ಕೇಳಿದರೆ ಅವರು ಉತ್ತರ ಹೇಳಬೇಕಾಗುತ್ತಿತ್ತು. ಆ ಉತ್ತರಕ್ಕೆ ನಾನೂ ಒಂದು ಉತ್ತರ ಕೊಡಬೇಕಾಗುತ್ತಿತ್ತು. ಅಷ್ಟರಲ್ಲಿ ಅಣ್ಣ ಬೇರೆ ಊರಿನಲ್ಲಿ ಕನ್ನಡಕದ ಅಂಗಡಿ ತೆರೆದು ನನ್ನನ್ನು ಕರೆಸಿಕೊಂಡ. ಬಸ್ಸಿನ ಮೇಲೆ ನನ್ನ ಸೈಕಲ್ ಕಟ್ಟಿಕೊಟ್ಟವರು ಬೇಕರಿಯವರೇ. ಇಳಿದು ಕೈ ಒರೆಸಿಕೊಳ್ಳುತ್ತಾ, "ಗಾಳಿ ಸ್ವಲ್ಪ ಇಳಿಸಿದ್ದೀನಿ, ಬಿಸಿಲಲ್ಲಿ ಇಡಬೇಡಿ" ಎಂದರು. ನಾನು "ಸರಿ" ಎಂದೆ. ಬಸ್ಸು ಹೊರಟಿತು. ಅಂದು ನಾವು ಆಡಿದ ಮಾತು ಅಷ್ಟೇ. ಆಮೇಲೆ ಅರ್ಧ ಜೀವಮಾನ ಆ ಮಾತನ್ನೇ ಉಂಡು ಬದುಕಿದ್ದೇನೆ ಎಂದರೆ ನೀವು ನಗಬಹುದು.

ಛೆ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಟೈರಿಗೇ ಬರುತ್ತೇನೆ.

ಅಂಗಡಿಯನ್ನು ಅಣ್ಣನ ಮಗಳಿಗೆ ಒಪ್ಪಿಸಿ ನಾನು ಮರಳಿ ಬಂದದ್ದು ಹೋದ ವರ್ಷ. ಹಳಬರ ಓಟಕ್ಕೆ ಹೆಸರು ಕೊಟ್ಟೆ. ಬೇಕರಿಯವರು ಎಂದಿನಂತೆ ಬೋಳನನ್ನು ಇಳಿಸಿಕೊಂಡರು. ಮಾರನೆಯ ದಿನ ಎಲ್ಲರೂ ಗೆರೆ ದಾಟಿದ ಮೇಲೆ ಉಳಿದವರು ನಾವಿಬ್ಬರೇ, ನಾನು ಮುಂದೆ, ಅವರು ಹಿಂದೆ. ಗೆರೆ ಕೈಗೆಟುಕುವಷ್ಟು ಹತ್ತಿರವಿತ್ತು. ನಾನು ಸೈಕಲ್ಲಿನಿಂದ ಇಳಿದೆ. ಅವರೂ ಬಂದು ಇಳಿದರು. "ಯಾಕೆ ನಿಂತ್ರಿ, ಹೋಗಿ" ಎಂದರು. "ನೀವು ಹೋಗಿ, ನನ್ನ ಶೂ ಲೇಸ್ ಬಿಚ್ಚಿದೆ" ಎಂದೆ. ಅವರು ಬಗ್ಗಿ ನನ್ನ ಶೂ ನೋಡಿದರು. ನನ್ನ ಶೂಗೆ ಲೇಸೇ ಇಲ್ಲ, ಪಟ್ಟಿ ಒತ್ತಿ ಅಂಟಿಸುವ ಶೂ ಅದು. ಅವರು ಎದ್ದು ನಿಂತರು. ಸೈಕಲ್ ಹತ್ತಿ ಗೆರೆ ದಾಟಿದರು. ಆಮೇಲೆ ನಾನು ದಾಟಿದೆ. ಅವರು ಗೆರೆ ದಾಟುವುದನ್ನು ಕಣ್ಣಾರೆ ನೋಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಅಧ್ಯಕ್ಷರೇ, ನೀವು ಮಾಡಿದ ನಿಯಮವನ್ನು ನೀವೇ ಮರೆತಿರಲಾರಿರಿ. ಹೋದ ಸಲ ಕೊನೆಗೆ ಬಂದವಳು ನಾನು. ಇಂದು ಮೊದಲ ಆಯ್ಕೆ ನನ್ನದು. ಬೋಳ ನನಗಿರಲಿ.

ಬೇಕರಿಯವರೇ, ಎರಡನೆಯ ಆಯ್ಕೆ ನಿಮ್ಮದು. ನಿಮ್ಮ ಕೈಯನ್ನು ನಾನು ಬಲ್ಲೆ, ಬೋಳ ಇಲ್ಲದಿದ್ದರೆ ಅದು ಹಲ್ಲಿಯ ಕಡೆ ಹೋಗುತ್ತದೆ. ಹೋಗಕೂಡದು. ಯಾರಿಗಾಗಿ ಸವೆದ ಟೈರನ್ನೇ ಆರಿಸುತ್ತಿದ್ದಿರೋ ಅವಳಿಗೆ ಈಗ ಅದರ ಅಗತ್ಯವಿಲ್ಲ. ಮೂರನೆಯ ಗೂಟದಲ್ಲಿ ಮೊಸಳೆ ಇದೆ. ಗಾಳಿ ನಾನೇ ನೋಡಿದ್ದೇನೆ, ಹೆಬ್ಬೆರಳಿನಿಂದ ಒತ್ತಿಯೇ ನೋಡಿದ್ದೇನೆ. ನಾಳೆ ಅದನ್ನು ಹಾಕಿಕೊಂಡು ಕಲ್ಲುಗಣಿಯ ತಿರುವನ್ನು ಒಮ್ಮೆ ಕಾಲೂರದೆ ಇಳಿದು ನೋಡಿ. ನಾನು ಹಿಂದೆ, ಪ್ರತಿ ತಿರುವಿನಲ್ಲೂ ಕಾಲೂರಿಕೊಂಡು, ನಿಧಾನವಾಗಿ ಬರುತ್ತೇನೆ. ನೀವು ಗೆದ್ದರೂ ಸರಿ, ಗೆಲ್ಲದಿದ್ದರೂ ಸರಿ, ಗೆರೆ ದಾಟಿದ ಮೇಲೆ ಮನೆಗೆ ಹೊರಟುಬಿಡಬೇಡಿ. ಅಷ್ಟು ವರ್ಷ ನಾನು ನಿಮಗಾಗಿ ಅಲ್ಲಿ ನಿಲ್ಲಲಿಲ್ಲ. ನಾಳೆ ನೀವು ನನಗಾಗಿ ನಿಂತಿರಿ.

ಟೈರಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ನಾಲ್ಕು ಮಾತು ಎಂದು ಕರೆದು ಇಷ್ಟು ಕೇಳಿಸಿಕೊಂಡ ಸಂಘದವರಿಗೆ, ಗಡಿಯಾರ ನೋಡಿದರೂ ಸೀಟಿ ಊದದೆ ತಡೆದುಕೊಂಡ ಅಧ್ಯಕ್ಷರಿಗೆ, ಹೂಗುಚ್ಛದ ಹಿಂದೆ ಮುಖ ಮರೆಸಿಕೊಂಡಿರುವ ಬೇಕರಿಯವರಿಗೆ, ನಿಮ್ಮೆಲ್ಲರಿಗೂ ನನ್ನ ವಂದನೆಗಳು. ಮೇಷ್ಟ್ರೇ, ಈಗ ಸೀಟಿ ಊದಿ. ನಮಸ್ಕಾರ.