ಗುಬ್ಬಿ ಯಾರೆಂಬ ಬಗ್ಗೆ ಗಡಿಯಾರದ ತಾತನ ಹೇಳಿಕೆ

ಹೆಸರು: ಎಲ್ಲರೂ ಕರೆಯುವುದು ಗಡಿಯಾರದ ತಾತ ಎಂದು. ವಯಸ್ಸು: 71. ಕಸುಬು: ಗಡಿಯಾರ ರಿಪೇರಿ. ವಿಳಾಸ: ಬಸ್ ನಿಲ್ದಾಣದ ಎದುರಿನ ಗಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಅಂಗಡಿ, ಮನೆ ಅದೇ ಮಹಡಿಯ ಮೇಲೆ.

ಈ ಮೂಲಕ ತಿಳಿಸುವುದೇನೆಂದರೆ, ನನ್ನ ಮೊಮ್ಮಗಳು, ವಯಸ್ಸು 24, ನನ್ನ ಜೊತೆಯಲ್ಲೇ ಇದ್ದಾಳೆ. ಟಿವಿ ಧಾರಾವಾಹಿಯೊಂದರ ಡಾಕ್ಟರ್ ಪಾತ್ರವನ್ನು ಇಟ್ಟುಕೊಂಡು ಮೂರು ವರ್ಷ ಇಂಟರ್‌ನೆಟ್ಟಿನಲ್ಲಿ ‘ಗುಬ್ಬಿ’ ಎಂಬ ಹೆಸರಿನಿಂದ ತನ್ನದೇ ಕಥೆ ಬರೆಯುತ್ತಿದ್ದಳಂತೆ. ಇದು ನನಗೆ ಗೊತ್ತಾದದ್ದು ಇವತ್ತೇ. ಪ್ರಕಾಶಕರೊಬ್ಬರು ಅದನ್ನು ಓದಿ, ಧಾರಾವಾಹಿಯ ಪಾತ್ರಗಳ ಹೆಸರು, ಕಸುಬು ಎಲ್ಲ ಬದಲಿಸಿ ಸ್ವಂತ ಕಾದಂಬರಿ ಮಾಡಿದರೆ ಅಚ್ಚು ಹಾಕುತ್ತೇವೆ, ಇಂಟರ್‌ನೆಟ್ಟಿನಲ್ಲಿರುವುದನ್ನು ಅಳಿಸಿಬಿಡಿ ಎಂದರಂತೆ. ಅಳಿಸಿದಳು. ಕಾದಂಬರಿ ಅವಳ ನಿಜ ಹೆಸರಿನಲ್ಲೇ ಬಂತು. ನನಗೊಂದು ಪ್ರತಿ ಕೊಟ್ಟು, ಈಗಲೇ ಓದಬೇಡ ತಾತ, ನಾಚಿಕೆಯಾಗುತ್ತೆ ಎಂದಿದ್ದಳು. ಒಳ್ಳೆಯ ಗಡಿಯಾರಗಳನ್ನಿಡುವ ಡ್ರಾಯರಿನಲ್ಲಿ ಅದನ್ನು ಬಟ್ಟೆ ಸುತ್ತಿ ಇಟ್ಟಿದ್ದೇನೆ.

ಇವತ್ತು ಬೆಳಿಗ್ಗೆ 10.40ಕ್ಕೆ ಪೇದೆ ಬಂದು, ಮೊಮ್ಮಗಳು ಕಥೆ ಕದ್ದಿದ್ದಾಳೆಂದು ದೂರು ಬಂದಿದೆ ಎಂದರು. ಅಂಗಡಿಯಿಂದ ಠಾಣೆಗೆ 350 ಮೀಟರ್. ದಾರಿಯುದ್ದಕ್ಕೂ ಅವಳು ನನ್ನ ತೋಳು ಹಿಡಿದಿದ್ದಳು. ದಿನವೂ ನಾನು ಅವಳ ತೋಳು ಹಿಡಿಯುವುದು.

ದೂರು ಕೊಟ್ಟವರು ಆಸ್ಪತ್ರೆಯ ನರ್ಸ್. ಗುಬ್ಬಿಯ ಕಥೆಯನ್ನು ಊಟದ ಬಿಡುವಿನಲ್ಲಿ ಒಂದು ಅಧ್ಯಾಯವೂ ಬಿಡದೆ ಓದಿದವರು. ಆ ಗುಬ್ಬಿ ಮಗು ಎಲ್ಲಿ ಮಾಯವಾಯಿತೋ, ಇವಳು ನೋಡಿದರೆ ಅದರ ಕಥೆ ಮಾರಿಕೊಳ್ಳುತ್ತಿದ್ದಾಳೆ ಎಂದು ಅವರ ಸಂಕಟ. ಗುಬ್ಬಿ ನಾನೇ ಎಂದು ಮೊಮ್ಮಗಳು ಹೇಳಿದ್ದಕ್ಕೆ, ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳುವುದು ಎಂದರು. ಎಲ್ಲ ಅಳಿಸಿದ್ದರಿಂದ ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ದೂರು ದಾಖಲಾದರೆ ಪ್ರಕಾಶಕರು ಪುಸ್ತಕವನ್ನು ಅಂಗಡಿಗಳಿಂದ ವಾಪಸ್ ತರಿಸುತ್ತಾರೆಂದು ನನ್ನ ಕಿವಿಯಲ್ಲಿ ಹೇಳಿದಳು.

11.20ಕ್ಕೆ ನರ್ಸ್ ಸಾಕ್ಷಿಗೆಂದು ಹಳೆಯ ಕಥೆ, ಪುಸ್ತಕ ಎರಡನ್ನೂ ಗಟ್ಟಿಯಾಗಿ ಓದಿದರು. ಅವರು ಫೋನಿಗೆ ಇಳಿಸಿಟ್ಟುಕೊಂಡಿದ್ದ ಹಳೆಯ ಕಥೆಯಲ್ಲಿ ಡಾಕ್ಟರು ರೋಗಿಯ ಮಂಚಕ್ಕೆ ಉಗುರಿನಿಂದ ಎರಡು ಸಲ ತಟ್ಟಿ, "ಏನಪ್ಪಾ ರಾಜ, ಯಾರು ಬೈದ್ರು ನಿಂಗೆ?" ಎಂದು ಕೇಳುತ್ತಾನೆ. ಪುಸ್ತಕದಲ್ಲಿ ಡಾಕ್ಟರಿಲ್ಲ, ಗಡಿಯಾರ ರಿಪೇರಿಯ ಮುದುಕನಿದ್ದಾನೆ. ನಿಂತುಹೋದ ಗಡಿಯಾರಕ್ಕೆ ಹಾಗೇ ತಟ್ಟಿ ಅದನ್ನೇ ಕೇಳುತ್ತಾನೆ. ಧಾರಾವಾಹಿಯಲ್ಲಿ ಈ ಮಾತು ಎಲ್ಲೂ ಇಲ್ಲ, ಇದು ಗುಬ್ಬಿಯದೇ ಎಂದರು.

ಹೇಳಿಕೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟರು. ಹೋದ ವರ್ಷ ಠಾಣೆಯ ಗೋಡೆ ಗಡಿಯಾರ ರಿಪೇರಿಗೆ ತಂದಾಗ ತಾತ ಹೀಗೇ ತಟ್ಟಿ ಇದನ್ನೇ ಕೇಳಿದರು, ನನ್ನನ್ನೇ ಕೇಳುತ್ತಿದ್ದಾರೆಂದುಕೊಂಡು ‘ಸಾಹೇಬರು’ ಎಂದು ಉತ್ತರ ಕೊಟ್ಟಿದ್ದೆ ಎಂದರು. ಆ ದಿನ ಸಾಹೇಬರು ಬೈದಿದ್ದೂ ನಿಜವಂತೆ.

ಈ ಮಾತು ನಾನು ಐವತ್ತು ವರ್ಷದಿಂದ ಆಡುತ್ತಿದ್ದೇನೆ. ಮೊಮ್ಮಗಳು ಅಆಇಈ ತಿದ್ದಿದ್ದು ನನ್ನ ಮೇಜಿನ ಪಕ್ಕದಲ್ಲಿ, ಇದನ್ನು ಕೇಳುತ್ತಲೇ. ಗುಬ್ಬಿ ಅವಳೇ. ಕದ್ದಿದ್ದರೆ ನನ್ನಿಂದ ಕದ್ದಿದ್ದಾಳೆ. ನನ್ನ ದೂರು ಏನೂ ಇಲ್ಲ.

ನರ್ಸ್ ಅವಳ ಕೈ ಹಿಡಿದುಕೊಂಡರು. "ಒಂದು ಮಾತು ಹೇಳ್ದೆ ಹೋಗ್ಬಿಟ್ಯಲ್ಲಮ್ಮ. ಏನಾಯ್ತೋ ಅಂತ ಎಷ್ಟು ಹೆದರಿದ್ದೆ ಗೊತ್ತಾ?" 12.05ಕ್ಕೆ ದೂರು ವಾಪಸ್ ಪಡೆದರು. ನಾನು ಮನೆಗೆ ಹೋಗಿ ಪುಸ್ತಕ ಓದುವುದಿದೆ. ಮೊಮ್ಮಗಳು ಆಗಲಿ ಎಂದಿದ್ದಾಳೆ.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ, ಸರಿಯಿದೆ. ವೇಳೆಯೆಲ್ಲ ನನ್ನ ಕೈಗಡಿಯಾರದ್ದು. ಠಾಣೆಯ ಗಡಿಯಾರ ನಾಲ್ಕು ನಿಮಿಷ ಹಿಂದಿದೆ; ಅದಕ್ಕೆ ಮತ್ತೆ ಯಾರೋ ಬೈದಿರಬೇಕು.

ಸ್ಥಳ: ಠಾಣೆಯ ಮುಂಭಾಗದ ಕೋಣೆ
ದಿನಾಂಕ: ಇದೇ ತಿಂಗಳ 14
ಸಹಿ: (ಗಡಿಯಾರದ ತಾತ)